ನ್ಯಾಯಾಲಯದ ಕರಣಿಕನ ಕಾಯಕ

ಕಾಯಕವೆಂದೊಡನೆ ಜನರ ಕಣ್ಣ ಮುಂದೆ ನಿಲ್ಲುವವರು ದೋಣಿ ನಡೆಸಿದ ಅಂಬಿಗರ ಚೌಡಯ್ಯನವರು, ಕಟ್ಟಿಗೆ ಹೊತ್ತ ಮೋಳಿಗೆಯ ಮಾರಯ್ಯನವರು, ಹಗ್ಗ ಹೊಸೆದ ನುಲಿಯ ಚಂದಯ್ಯನವರು. ಅರಸನ ಕಚೇರಿಯಲ್ಲಿ ಲೇಖನಿ ಹಿಡಿದು ಕುಳಿತವರೂ ಶರಣರ ಗಣದಲ್ಲಿದ್ದರೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಆದರೆ ಬಸವಣ್ಣನವರು ಮಂಗಳವಾಡದಲ್ಲಿ, ಎಂದರೆ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ, ಬಿಜ್ಜಳನ ಕರಣಿಕರಾಗಿ ತಮ್ಮ ಲೌಕಿಕ ಜೀವನವನ್ನು ಆರಂಭಿಸಿದರೆಂದೇ ಅವರ ಚರಿತ್ರೆ ಹೇಳುತ್ತದೆ. ಸುಂಕದ ಬಂಕಣ್ಣನವರು ಸುಂಕದ ಕಟ್ಟೆಯಲ್ಲಿ ಕುಳಿತು ಬಂದ ಹೇರನ್ನು ಲೆಕ್ಕ ಮಾಡಿದವರು. ಶಾಂತರಸರು ವಚನಗಳ ಓಲೆಗಳನ್ನು ಕಾಪಾಡಿ ವಚನಭಂಡಾರಿಯೆನಿಸಿದವರು. ಬರೆಯುವುದು, ಎಣಿಸುವುದು, ಕಾಪಾಡುವುದು, ಈ ಮೂರೂ ಕಲ್ಯಾಣದಲ್ಲಿ ಕಾಯಕಗಳಾಗಿದ್ದವು. ಆ ಕಲ್ಯಾಣವೇ ಇಂದು ಬೀದರ ಜಿಲ್ಲೆಯ ಬಸವಕಲ್ಯಾಣ.

ಹೀಗಿದ್ದರೂ ನ್ಯಾಯಾಲಯದ ಗುಮಾಸ್ತನೊಬ್ಬನಿಗೆ ತನ್ನ ಕೆಲಸವನ್ನು ಕಾಯಕವೆನ್ನಲು ಸಂಕೋಚವಾಗುವುದು ಸಹಜ. ಹಗ್ಗವನ್ನು ಜಗ್ಗಿ ನೋಡಬಹುದು, ಬಟ್ಟೆಯನ್ನು ಅಳೆದು ನೋಡಬಹುದು. ಸಂಜೆಯ ಹೊತ್ತಿಗೆ ಗುಮಾಸ್ತನು ಮಾಡಿಟ್ಟಿದ್ದಾದರೂ ಏನು? ದಾವೆಯ ಅರ್ಜಿಗೆ ಸಂಖ್ಯೆ ಕೊಟ್ಟಿದ್ದಾನೆ, ನ್ಯಾಯಾಲಯ ಶುಲ್ಕ ಸರಿಯಿದೆಯೇ ಎಂದು ನೋಡಿದ್ದಾನೆ, ಸಮನ್ಸು ಬರೆದು ಬೇಲಿಫನ ಕೈಗೆ ಕೊಟ್ಟಿದ್ದಾನೆ, ಮಿಸಲನ್ನು ನ್ಯಾಯಾಧೀಶರ ಮುಂದಿಟ್ಟು ತೆಗೆದಿದ್ದಾನೆ, ಮುಂದಿನ ಪೇಶಿಯ ದಿನವನ್ನು ಪುಸ್ತಕದಲ್ಲಿ ಬರೆದಿದ್ದಾನೆ. ತೀರ್ಪು ಕೊಡುವವರು ನ್ಯಾಯಾಧೀಶರು, ವಾದಿಸುವವರು ವಕೀಲರು. ನಡುವೆ ಇವನ ಪಾಲಿನ ಕರ್ತೃತ್ವ ಎಲ್ಲಿದೆ?

ಇದಕ್ಕೆ ಉತ್ತರ ಬೇಕಾದರೆ ಮೇಜಿನ ಆಚೆಗೆ ನಿಂತವರನ್ನು ನೋಡಬೇಕು. ಮನ್ನಳ್ಳಿಯಂಥ ಊರಿನಿಂದ ಹೊಲದ ಹಿಸ್ಸೆಯ ದಾವೆಗಾಗಿ ಮುದುಕಿಯೊಬ್ಬಳು ಬೀದರದ ಕೋರ್ಟಿಗೆ ಬರುತ್ತಾಳೆಂದು ಭಾವಿಸಬೇಕು. ಆಕೆ ಬೆಳಗಿನ ಬಸ್ಸು ಹಿಡಿಯಬೇಕು, ಆ ದಿನದ ಕೂಲಿಯನ್ನು ಬಿಡಬೇಕು, ಜೊತೆಗೆ ಬರುವ ಮಗನ ಕೂಲಿಯೂ ಹೋಗಬೇಕು. ಬಂದು ಕಿಟಕಿಯ ಬಳಿ ನಿಂತು, "ಸಾಹೇಬ್ರ, ಇವತ್ತ ನಮ್ದು ಪೇಶಿ ಅದ ಏನ್ರಿ?" ಎಂದು ಕೇಳುತ್ತಾಳೆ. ಒಳಗಿನವನು ತಲೆಯೆತ್ತದೆ, "ಕೂಡಬೇಕು, ಕರೀತಾರ" ಎನ್ನುತ್ತಾನೆ. ಆದರೆ ಆ ದಿನ ನ್ಯಾಯಾಧೀಶರು ರಜೆಯಲ್ಲಿರುವ ಸಂಗತಿಯೂ, ಆ ಪ್ರಕರಣ ಮುಂದೆ ಹೋಗುವುದು ಖಚಿತವೆಂಬುದೂ ಬೆಳಿಗ್ಗೆಯೇ ಅವನಿಗೆ ತಿಳಿದಿರುತ್ತದೆ. ಆಕೆ ಸಂಜೆಯವರೆಗೆ ಬೇವಿನ ಮರದ ಕೆಳಗೆ ಕುಳಿತು ಹೋಗುತ್ತಾಳೆ. ಅವನು ಆಕೆಯಿಂದ ಒಂದು ಕಾಸನ್ನೂ ಪಡೆದಿಲ್ಲ. ಪ್ರಾಮಾಣಿಕನೆಂದು ಅವನಿಗೆ ಹೆಸರೂ ಇರಬಹುದು.

ಆದರೂ ಆಕೆ ಕಳೆದುಕೊಂಡದ್ದು ಒಂದು ದಿನದ ಕಾಯಕ. ವಚನ ಧರ್ಮದ ದೃಷ್ಟಿಯಿಂದ ಈ ವಿಷಯವನ್ನು ಇನ್ನೂ ಆಳವಾಗಿ ನೋಡಬೇಕಾಗಿದೆ. ಕಾಯಕವು ಶರಣನಿಗೆ ಕೇವಲ ಹೊಟ್ಟೆಯ ದಾರಿಯಲ್ಲ, ಅದೇ ಅವನ ಪೂಜೆ. ಹಾಗಾದ ಮೇಲೆ ಮತ್ತೊಬ್ಬನ ದುಡಿಯುವ ದಿನವನ್ನು ನಿಷ್ಕಾರಣವಾಗಿ ಕಳೆಯುವಂತೆ ಮಾಡಿದವನು ಆತನ ಪೂಜೆಯನ್ನು ಕೆಡಿಸಿದವನೇ ಆಗುತ್ತಾನೆ. ನೇಕಾರನು ಕೆಟ್ಟ ನೂಲು ಹಾಕಿದರೆ ಒಂದು ಸೀರೆ ಹರಿಯುತ್ತದೆ. ಗುಮಾಸ್ತನು ತನ್ನ ಕೆಲಸವನ್ನು ಕೆಡಿಸಿದರೆ ಅವನ ಮುಂದೆ ನಿಂತ ಹತ್ತು ಮಂದಿಯ ಕಾಯಕವೂ ಅದರೊಡನೆ ಕೆಡುತ್ತದೆ. ಅವನ ಕೈಯಲ್ಲಿರುವ ಸರಕು ಕಾಗದವೆಂದು ತಿಳಿಯುವುದು ತಪ್ಪು. ಅವನು ಎತ್ತಿಡುವುದು, ಇಳಿಸಿಡುವುದು ಜನರ ದಿನಗಳನ್ನೇ.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಮಠದ ಭಕ್ತರಿಗೆಲ್ಲ ತಿಳಿದದ್ದೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಇದನ್ನು ಲಂಚ ಬೇಡವೆಂಬ ಉಪದೇಶಕ್ಕೆ ಉದಾಹರಿಸುವುದುಂಟು. ಅದು ಸರಿಯೇ. ಆದರೆ ಗಮನಿಸಬೇಕಾದದ್ದೊಂದಿದೆ: ಮಾರಯ್ಯನವರು ಕದ್ದು ತಂದಿರಲಿಲ್ಲ. ಆ ಅಕ್ಕಿಯನ್ನು ಯಾರೂ ಕೇಳುತ್ತಿರಲಿಲ್ಲ. ಯಾರ ದೂರೂ ಇಲ್ಲದೆ ಕೈಗೆ ಬಂದ ಹೆಚ್ಚಳವನ್ನು ಆ ತಾಯಿ ಒಲ್ಲೆನೆಂದರು. ಕಚೇರಿಯಲ್ಲಿ "ಸಂತೋಷದಿಂದ ಕೊಟ್ಟದ್ದು" ಎಂಬ ಹೆಸರಿನಲ್ಲಿ ಮೇಜಿನ ಮೇಲೆ ಬೀಳುವ ನೋಟೂ ಇದೇ ಜಾತಿಯದು. ನಕಲು ಬೇಗ ಸಿಕ್ಕಿತೆಂದು ಕಕ್ಷಿದಾರನು ನಗುತ್ತಲೇ ಕೊಡುತ್ತಾನೆ. ಆ ನಗೆಯ ಹಿಂದೆ ಮುಂದಿನ ಸಲ ಬೇಗ ಸಿಗಲಾರದೆಂಬ ಭಯವಿರುತ್ತದೆಂಬುದನ್ನು ಪಡೆಯುವವನು ಬಲ್ಲ. 1988ರ ಭ್ರಷ್ಟಾಚಾರ ತಡೆ ಕಾಯಿದೆಯು ಇದನ್ನು ಅಪರಾಧವೆಂದು ಹೇಳುತ್ತದೆ. ಕಾಯಿದೆ ಹಿಡಿಯುವುದು ಸಿಕ್ಕಿಬಿದ್ದವನನ್ನು. ಲಕ್ಕಮ್ಮನವರ ಕಣ್ಣು ಮನೆಯ ಬಾಗಿಲಲ್ಲಿಯೇ ಇತ್ತು.

ಸಂಬಳ ಸಾಲದೆಂಬ ಮಾತೂ ಬರುತ್ತದೆ. ಮಕ್ಕಳ ವಿದ್ಯೆ, ಮಗಳ ಮದುವೆ, ಮನೆಯ ಬಾಡಿಗೆ, ಇವು ಸುಳ್ಳಲ್ಲ. ಶರಣರು ಬಡತನವನ್ನು ಹೊಗಳಲಿಲ್ಲ, ಬೇಡುವುದನ್ನು ಮೆಚ್ಚಲಿಲ್ಲ. ಕೂಲಿ ಸಾಲದಿದ್ದರೆ ಹೆಚ್ಚಿನ ಕೂಲಿಯನ್ನು ಕೊಡಬೇಕಾದವನಿಂದ ಎದುರಿಗೆ ನಿಂತು ಕೇಳುವುದು ನ್ಯಾಯ. ತನಗಿಂತಲೂ ಬಡವಳಾದ ಮುದುಕಿಯ ಸೆರಗಿನ ಗಂಟಿನಿಂದ ಅದನ್ನು ತುಂಬಿಕೊಳ್ಳುವುದು ಯಾವ ಲೆಕ್ಕದಲ್ಲಿಯೂ ನ್ಯಾಯವಾಗದು. ಬಸವಣ್ಣನವರ ಮೇಲೂ ಅಪವಾದ ಬಂದಿತ್ತು. ಅರಸನ ಭಂಡಾರವನ್ನು ಜಂಗಮರಿಗೆ ಹಂಚುತ್ತಿದ್ದಾರೆಂದು ಬಿಜ್ಜಳನಿಗೆ ದೂರು ಹೋಯಿತು. ಲೆಕ್ಕವನ್ನು ತೆಗೆಸಿ ಎಣಿಸಿದಾಗ ಒಂದು ಹಾಗವೂ ಕಡಿಮೆಯಿರಲಿಲ್ಲವೆಂದು ಬಸವಪುರಾಣ ಹೇಳುತ್ತದೆ. ಪುರಾಣಕಾರರು ಅದನ್ನು ಪವಾಡವೆಂದು ವರ್ಣಿಸಿದ್ದಾರೆ. ಪವಾಡವೆಂದು ತಿಳಿದವರು ಕೈಮುಗಿಯಲಿ. ಕರಣಿಕನಾದವನು ಮಾತ್ರ ಅದರಲ್ಲಿ ಮತ್ತೊಂದು ಮಾತನ್ನು ಕಾಣಬೇಕು. ತನ್ನ ಪುಸ್ತಕವನ್ನು ಯಾವ ಗಳಿಗೆಯಲ್ಲಿ ಯಾರು ಬಂದು ತೆರೆದರೂ ಎದೆ ನಡುಗದಂತೆ ಅವರು ಬರೆದಿಟ್ಟಿದ್ದರು.

ಹಣಕ್ಕಿಂತಲೂ ಸೂಕ್ಷ್ಮವಾದ ಲಂಚ ಇನ್ನೊಂದಿದೆ. ಅದರ ಹೆಸರು "ನಮ್ಮವನು". ಇವನಾರವನೆಂದು ಎನಿಸದೆ ನಮ್ಮವನೆಂದೇ, ನಿಮ್ಮ ಮನೆಯ ಮಗನೆಂದೇ ಎನಿಸಬೇಕೆಂದು ಬಸವಣ್ಣನವರು ಕೂಡಲಸಂಗಮದೇವನಲ್ಲಿ ಬೇಡಿಕೊಂಡರು. ಎಲ್ಲರಿಗೂ ಬಾಗಿಲು ತೆರೆಯಲೆಂದು ಬಂದ ಆ ಮಾತೇ ಇಂದಿನ ಕಚೇರಿಗಳಲ್ಲಿ ಬಾಗಿಲು ಮುಚ್ಚುವ ಮಾತಾಗಿರುವುದು ಎಂಥ ವಿಪರ್ಯಾಸ! ಒಂದೇ ಊರಿನವನು, ಒಂದೇ ಜಾತಿಯವನು, ಒಂದೇ ಮಠದ ಶಿಷ್ಯನು ಬಂದು, "ನಮ್ಮವರೇ ಇದ್ದೀರಿ, ಆ ಮಿಸಲು ಈ ಸಲ ಮುಂದೆ ಬಾರದಂತೆ ನೋಡಿಕೊಳ್ಳಿ" ಎನ್ನುತ್ತಾನೆ. ಇಲ್ಲಿ ಹಣದ ಸೋಂಕಿಲ್ಲ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಶರಣು ಶರಣಾರ್ಥಿ. ಹಣವನ್ನು ಒದ್ದು ತಳ್ಳಿದವನೂ ಈ ಮಾತಿನ ಮುಂದೆ ಸೋಲುತ್ತಾನೆ. ಲಿಂಗವಂತನಾದ ಗುಮಾಸ್ತನಿಗೆ ನಿಜವಾದ ಪರೀಕ್ಷೆ ಇದೇ. ಎದುರು ಪಕ್ಷದವನು ಹೊಲೆಯನಾಗಿರಲಿ, ಮುಸಲ್ಮಾನನಾಗಿರಲಿ, ಮರಾಠನಾಗಿರಲಿ, ಅವನ ಮಿಸಲು ತನ್ನ ಸರದಿಗೆ ಸರಿಯಾಗಿ ಮೇಲೆ ಬರಬೇಕು. ಹಾಗೆ ಬಂದಲ್ಲಿ ಮಾತ್ರ ಆ ಶಬ್ದಕ್ಕೆ ಬಸವಣ್ಣನವರು ಇಟ್ಟ ಅರ್ಥ ಉಳಿಯುತ್ತದೆ. ಮಠಗಳಿಂದಲೇ ಇಂಥ ಶಿಫಾರಸಿನ ಚೀಟಿಗಳು ಹೋಗುವುದುಂಟು ಎಂಬ ಆಕ್ಷೇಪವನ್ನು ಜನರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವಂತೆ ಆಗಬಾರದು.

ಬೀದರ ಸೀಮೆಯ ಗುಮಾಸ್ತನಿಗೆ ಭಾಷೆಯ ಹೊಣೆಯೂ ಸೇರಿಕೊಂಡಿದೆ. ನಿಜಾಮನ ಆಳ್ವಿಕೆಯಲ್ಲಿ ಅದಾಲತ್ತಿನ ಭಾಷೆ ಮೊದಲು ಪಾರಸಿ, ಅನಂತರ ಉರ್ದು. ಕನ್ನಡವನ್ನು ಮಾತ್ರ ಬಲ್ಲ ಒಕ್ಕಲಿಗನು ತನ್ನ ಹೊಲದ ಬಗ್ಗೆ ಬರೆದ ಕಾಗದವನ್ನೇ ತಾನು ಓದಲಾರದೆ, ಮುನ್ಷಿ ಹೇಳಿದ್ದಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದನು. 1948ರ ಸಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1963ರ ರಾಜ್ಯಭಾಷಾ ಕಾಯಿದೆಯಿಂದ ಕನ್ನಡಕ್ಕೆ ಅಧಿಕಾರ ಸ್ಥಾನ ಬಂದಿತು. ಆದರೂ ಹಳೆಯ ಜಮೀನಿನ ದಾವೆಗಳಲ್ಲಿ ಉರ್ದು ಕಾಗದಗಳು ಇಂದಿಗೂ ಹೊರಬರುತ್ತವೆ. ಇಂಗ್ಲಿಷಿನ ಆದೇಶಗಳಿಗೂ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ಶರಣರು ಶಿವಾನುಭವವನ್ನು ಕನ್ನಡಕ್ಕೆ ತಂದರು. ಅದಕ್ಕಿಂತ ಮೊದಲು ಅದು ಪಂಡಿತರ ಭಾಷೆಯಲ್ಲಿ ಬೀಗ ಹಾಕಿಕೊಂಡಿತ್ತು. ಮಡಿವಾಳನೂ ಸೂಳೆಯಾಗಿದ್ದ ಸಂಕವ್ವೆಯೂ ಮಾತನಾಡುವಂತಾದದ್ದು ಆ ಬೀಗ ಒಡೆದದ್ದರಿಂದ. ಕಿಟಕಿಯ ಬಳಿ ನಿಂತವಳಿಗೆ ಅಂದಿನ ಆದೇಶದ ತಿರುಳನ್ನು ಎರಡೇ ಮಾತುಗಳಲ್ಲಿ ಅವಳ ನುಡಿಯಲ್ಲಿ ಹೇಳಿದ ಗುಮಾಸ್ತನು ಅದೇ ಪರಂಪರೆಯ ಕೆಲಸವನ್ನು ಮಾಡುತ್ತಾನೆ.

ದಾಸೋಹವೆಂದರೆ ಅನ್ನದಾನವೊಂದೇ ಎಂಬ ತಿಳಿವಳಿಕೆ ರೂಢಿಯಾಗಿಬಿಟ್ಟಿದೆ. ಗುಮಾಸ್ತನ ಮನೆಯಲ್ಲಿ ಕಣಜವಿಲ್ಲ. ಅವನಲ್ಲಿರುವ ರಾಶಿ ತಿಳಿವಳಿಕೆಯದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದರಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಂಗವಿಕಲರಿಗೂ, ಕಡಿಮೆ ಆದಾಯದವರಿಗೂ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಇದನ್ನು ಅರಿಯದೆ ಎಮ್ಮೆಯನ್ನು ಮಾರಿ ಫೀಜು ಕಟ್ಟುವವರು ಹಳ್ಳಿಗಳಲ್ಲಿ ಇದ್ದಾರೆ. "ಅವ್ವಾ, ಆ ಕೋಣೆಯಲ್ಲಿ ಕೇಳು, ನಿನಗೆ ರೊಕ್ಕ ಇಲ್ಲದೆ ವಕೀಲರನ್ನು ಕೊಡ್ತಾರ" ಎಂದು ಬೆರಳು ತೋರಿಸುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಎಲ್ಲೆಯನ್ನೂ ಅರಿತಿರಬೇಕು. ದಾರಿ ತೋರಿಸುವುದು ಬೇರೆ, ಒಬ್ಬರ ಪಕ್ಷ ವಹಿಸಿ ವಾದದ ಉಪಾಯ ಹೇಳಿಕೊಡುವುದು ಬೇರೆ. ಮರುಕದಿಂದಲೂ ತಕ್ಕಡಿ ಓರೆಯಾಗುತ್ತದೆ.

ನುಲಿಯ ಚಂದಯ್ಯನವರ ಕಥೆಯನ್ನು ಇಲ್ಲಿ ಬಿಡುವಂತಿಲ್ಲ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿಬಿದ್ದರೂ ಅವರು ಕೆಲಸವನ್ನು ನಿಲ್ಲಿಸಲಿಲ್ಲ; ಲಿಂಗವೇ ಅವರ ಬೆನ್ನು ಹತ್ತಿ ಬರಬೇಕಾಯಿತು. ಪೂಜೆಯ ನೆಪ ಹೇಳಿ ಕಚೇರಿಗೆ ತಡವಾಗಿ ಬರುವವರು ಈ ಕಥೆಯನ್ನು ಏಕಾಂತದಲ್ಲಿ ಒಮ್ಮೆ ಓದುವುದು ಒಳ್ಳೆಯದು. ಗಂಟೆ ಬಾರಿಸುತ್ತ ಮನೆಯಲ್ಲಿ ಕುಳಿತವನಿಗಾಗಿ ಕಚೇರಿಯ ಮೆಟ್ಟಿಲಲ್ಲಿ ಜಂಗಮ ಕಾದು ನಿಂತಿರುತ್ತದೆ.

ಇಂದು ನ್ಯಾಯಾಲಯಗಳಿಗೆ ಗಣಕಯಂತ್ರ ಬಂದಿದೆ. ಪ್ರತಿಯೊಂದು ಪ್ರಕರಣಕ್ಕೂ ಹದಿನಾರು ಅಕ್ಷರಾಂಕಗಳ ಗುರುತಿದೆ. ಪೇಶಿಯ ದಿನವನ್ನು ಮೊಬೈಲಿನಲ್ಲಿಯೇ ನೋಡಬಹುದು. ಅದು ಬಲು ಉಪಕಾರ. ಆದರೆ ಯಂತ್ರದೊಳಗೆ ದಿನಾಂಕವನ್ನು ಹಾಕುವ ಬೆರಳು ಮನುಷ್ಯನದೇ. ಅವನು ಸಂಜೆ ಹಾಕದೆ ನಾಳೆಗೆ ಬಿಟ್ಟರೆ ಮನ್ನಳ್ಳಿಯ ಮೊಬೈಲಿನಲ್ಲಿ ಕಾಣುವುದು ಹಳೆಯ ದಿನವೇ.

ಉಚ್ಚ ನ್ಯಾಯಾಲಯಕ್ಕಾಗಿ ಬೀದರದವರು ಬೆಂಗಳೂರಿಗೆ ಏಳುನೂರು ಕಿಲೋಮೀಟರಿನಷ್ಟು ಹೋಗಬೇಕಾಗಿದ್ದ ಕಾಲವೊಂದಿತ್ತು. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಅದು ಕಾಯಂ ಆಯಿತು. ಈಗ ಮೇಲ್ಮನವಿಯ ಮಿಸಲು ಅಲ್ಲಿಗೆ ಹೋಗುತ್ತದೆ. ಅಲ್ಲಿಯ ನ್ಯಾಯಮೂರ್ತಿಗಳು ಮುದುಕಿಯನ್ನು ಕಾಣುವುದಿಲ್ಲ, ಆಕೆಯ ಹೊಲವನ್ನು ಕಾಣುವುದಿಲ್ಲ. ಅವರ ಮುಂದೆ ಬರುವುದು ಪುಟಸಂಖ್ಯೆ ಹಾಕಿ ಹೊಲಿದ ಕಟ್ಟು. ಒಂದು ಸಾಕ್ಷಿಯ ಹಾಳೆ ಅದರಲ್ಲಿ ಇಲ್ಲವಾದರೆ ಆ ಸಾಕ್ಷಿ ನುಡಿಯಲೇ ಇಲ್ಲ. ಕಟ್ಟನ್ನು ಹೊಲಿದವನ ಹೆಸರು ತೀರ್ಪಿನಲ್ಲಿ ಎಲ್ಲಿಯೂ ಬರುವುದಿಲ್ಲ. ಜೀವಮಾನವೆಲ್ಲ ಶರಣರ ನುಡಿಗಳ ಓಲೆಗಳನ್ನು ಜೋಡಿಸಿಟ್ಟ ವಚನಭಂಡಾರಿ ಶಾಂತರಸರು ತಮ್ಮ ವಚನಗಳ ಅಂಕಿತದಲ್ಲಿ ದೇವರನ್ನು ಕರೆದದ್ದು ಅಲೇಖನೆಂದು, ಬರಹಕ್ಕೆ ಸಿಕ್ಕದವನೆಂದು.