ಮನೆ ಹೊರಟರೆ ದೇವರು ಎಲ್ಲಿ?

ಕಲ್ಪಿತ ಲೋಕಗಳ ಕಾದಂಬರಿ ಬರೆಯುವ ನಾನು, ಹುಲ್ಲುಗಾವಲಿನ ಅಲೆಮಾರಿಗಳಿಗೆ ಕುದುರೆ, ಬಿಲ್ಲು, ಕ್ರೌರ್ಯವನ್ನಷ್ಟೇ ಕೊಟ್ಟು ಮುಗಿಸುವ ಕಥೆಗಳನ್ನು ಒಪ್ಪಲಾರೆ. ಮನೆಯೇ ಜಾಗ ಬದಲಿಸುವಾಗ ಪವಿತ್ರವಾದದ್ದು ಎಲ್ಲಿ ನೆಲೆಸುತ್ತದೆ? ಮಂಗೋಲಿಯಾದ ಗೆರ್ ಎಂಬ ಡೇರೆಮನೆ ನೋಡಿ. ಮರದ ಜಾಲರಿ ಗೋಡೆ, ಮೇಲೆ ಕುರಿಯುಣ್ಣೆಯ ದಪ್ಪ ಹೊದಿಕೆ. ಬಿಚ್ಚಿ ಒಂಟೆಯ ಮೇಲೆ ಹೇರಬಹುದು. ಎಲ್ಲಿ ನಿಲ್ಲಿಸಿದರೂ ಬಾಗಿಲು ದಕ್ಷಿಣಕ್ಕೆ, ನಡುವೆ ಒಲೆ, ಅದರಾಚೆ ಉತ್ತರದಲ್ಲಿ ದೇವರಿಗೂ ಹಿರಿಯರಿಗೂ ಜಾಗ. ನಡುಗಂಬಗಳ ಮಧ್ಯೆ ಹಾಯುವಂತಿಲ್ಲ. ನೆಲ ಬದಲಾದರೂ ದಿಕ್ಕು ಬದಲಾಗದು. ಪಾವಿತ್ರ್ಯ ಈ ಜೋಡಣೆಯಲ್ಲಿದೆ ಎಂದೇ ನನ್ನ ನಂಬಿಕೆ. ಹಾಗೆಂದು ನೆಲವೂ ಬರಿದಲ್ಲ. ಬೆಟ್ಟದ ಕಣಿವೆದಾರಿಗಳಲ್ಲಿ ಓವೂ ಎಂಬ ಕಲ್ಲುಗುಡ್ಡೆಗಳಿವೆ, ದಾರಿಹೋಕರು ಮೂರು ಸುತ್ತು ಬರುತ್ತಾರೆ.

ಇನ್ನು ಕುದುರೆ. ಅದು ಸವಾರಿಗಷ್ಟೇ ಅಲ್ಲ. ಹೆಣ್ಣುಕುದುರೆಯ ಹಾಲನ್ನು ಹುಳಿಸಿ ಐರಗ್ ಮಾಡುತ್ತಾರೆ, ಹಾಲನ್ನು ಆಕಾಶಕ್ಕೆ ಚಿಮುಕಿಸಿ ಅರ್ಪಿಸುತ್ತಾರೆ. ಹೊಸದಾಗಿ ಬರೆಯುವವರು ಯುದ್ಧಕ್ಕಿಂತ ಮೊದಲು ಹಾಲು ಕರೆಯುವ ಹೆಂಗಸಿನ ಒಂದು ದಿನವನ್ನು ಬರೆಯಲಿ.