ಹಣೆನೋವು ಮತ್ತು ಹಣೆಬರಹ

ಅರೆತಲೆನೋವಿನಿಂದ ನರಳುವವರನ್ನು ಕೇಳಿ ನೋಡಿ: ಈ ನೋವು ಯಾರ ಕೈಯಲ್ಲಿದೆ? ಒಬ್ಬರು ‘ಹಣೆಬರಹ’ ಅಂತಾರೆ. ಒಬ್ಬರು ‘ಡಾಕ್ಟರ ಕೈಯಲ್ಲಿದೆ’ ಅಂತಾರೆ. ಮತ್ತೊಬ್ಬರು ‘ನನ್ನ ಕೈಲೇ ಇದೆ’ ಅಂತಾರೆ. ವಿಧಿ, ವೈದ್ಯ, ನಾನು. 1978ರಲ್ಲಿ ಅಮೆರಿಕದ ವಾಲ್‌ಸ್ಟನ್ ಮತ್ತು ಸಂಗಡಿಗರು ಆರೋಗ್ಯದ ಬಗೆಗಿನ ನಂಬಿಕೆಗಳನ್ನು ಅಳೆಯಲು ಹೊರಟಾಗ ಮಾಡಿಕೊಂಡದ್ದೂ ಇದೇ ಮೂರು ಪಾಲು. 1990ರಲ್ಲಿ ತಲೆನೋವಿಗೆಂದೇ ಇಂಥ ಅಳತೆಗೋಲು ಬಂತು. ವಿಧಿಯನ್ನು ನಂಬಿದವರಲ್ಲಿ ಖಿನ್ನತೆ ಹೆಚ್ಚು, ನೋವಿಗೆ ಸಿಕ್ಕಿ ಕೆಲಸ ಕೆಡುವುದೂ ಹೆಚ್ಚು; ವೈದ್ಯರನ್ನೇ ನಂಬಿದವರಲ್ಲಿ ಮಾತ್ರೆ ನುಂಗುವುದು ಹೆಚ್ಚು ಎಂದು ಅದು ತೋರಿಸಿತು.

ನಮಗೆ ಇದು ಹೊಸ ಪಾಠವಲ್ಲ. ಕರ್ಮ ಅನ್ನೋ ಒಂದು ಮಾತನ್ನು ತಲೆಮಾರುಗಳ ಕಾಲ ನಮ್ಮ ತಲೆಗೆ ಹೊಡೆದು ಕೂರಿಸಿದರು. ಕೂಲಿ ಕಡಿಮೆ ಆದರೂ ಕರ್ಮ, ತಲೆ ಸಿಡಿದರೂ ಕರ್ಮ. ಹೀಗಿರುವಾಗ ‘ನೋವಿನ ಮೇಲೆ ನನಗೂ ಹಿಡಿತವಿದೆ’ ಅನ್ನೋ ನಂಬಿಕೆ ಸಣ್ಣದಲ್ಲ. ಅದು ಕಾರ್ಯಕ್ಕೂ ಬರುತ್ತದೆ. 2010ರಲ್ಲಿ ಪ್ರಕಟವಾದ ಹಾಲ್‌ರಾಯ್ಡ್ ಮತ್ತು ಸಂಗಡಿಗರ ಪ್ರಯೋಗದಲ್ಲಿ 232 ಮಂದಿ ಮೈಗ್ರೇನ್ ರೋಗಿಗಳಿದ್ದರು. ನೋವು ತಡೆಯುವ ಮಾತ್ರೆಯ ಜೊತೆಗೆ ನೋವನ್ನು ನಿಭಾಯಿಸುವ ತರಬೇತಿಯನ್ನೂ ಪಡೆದವರಿಗೆ, ಬರೀ ಒಂದನ್ನೇ ಪಡೆದವರಿಗಿಂತ ಹೆಚ್ಚು ಗುಣ ಕಂಡಿತು. ಮಾತ್ರೆಯೂ ಬೇಕು, ಮನುಷ್ಯನ ಹಿಡಿತವೂ ಬೇಕು.

ಆದರೆ ಗೆಳೆಯರೇ, ಇಲ್ಲೊಂದು ಮೋಸ ಹೊಕ್ಕುತ್ತದೆ. ‘ನಿನ್ನ ಕೈಯಲ್ಲಿದೆ’ ಅನ್ನೋ ಮಾತು ಎಷ್ಟು ಸುಲಭವಾಗಿ ‘ನಿನ್ನದೇ ತಪ್ಪು’ ಅಂತ ಆಗಿಬಿಡುತ್ತದೆ! ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿ ನಿದ್ದೆ ಮಾಡು, ನೀರು ಕುಡಿ, ಬಿಸಿಲಿಗೆ ಹೋಗಬೇಡ. ಒಳ್ಳೆಯ ಬುದ್ಧಿಮಾತೇ. ಇಟ್ಟಿಗೆ ಗೂಡಿನಲ್ಲಿ ದುಡಿಯೋ ಹೆಂಗಸಿಗೆ ಇದರಲ್ಲಿ ಯಾವುದು ಕೈಯಲ್ಲಿದೆ? ಊಟದ ಹೊತ್ತು ಮೇಸ್ತ್ರಿಯದು. ನಿದ್ದೆ ಮಕ್ಕಳದು, ಗಂಡನದು. ನೆರಳು ಯಾರದೂ ಅಲ್ಲ. ನೋವು ಮಾತ್ರ ಅವಳದು. ಅವಳ ಕೈಗೆ ಸಿಗೋದು ಅಂಗಡಿ ಮಾತ್ರೆ. ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಅದಕ್ಕೂ ಮೇಲೆ, ಮೂರು ತಿಂಗಳು ದಾಟಿ ನುಂಗಿದರೆ ಮಾತ್ರೆಯೇ ತಲೆನೋವು ತರಬಲ್ಲದು.

ಇದು ಒಬ್ಬಿಬ್ಬರ ಸಂಕಟವೂ ಅಲ್ಲ. ಬೆಂಗಳೂರಿನ ನಗರ ಮತ್ತು ಹಳ್ಳಿಗಳ 2,329 ಜನರನ್ನು ನಿಮ್ಹಾನ್ಸ್‌ನವರು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ವರ್ಷವೊಂದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್. ಹೆಂಗಸರಲ್ಲಿ ಇನ್ನೂ ಹೆಚ್ಚು.

ಹಾಗಾದರೆ ಹಿಡಿತ ಅನ್ನೋದು ಸುಳ್ಳೇ? ಅಲ್ಲ. ಹಿಡಿತ ಬೇರೆ, ತಪ್ಪು ಬೇರೆ. ನೋವು ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ಡಾಕ್ಟರು ಕೊಟ್ಟ ಮಾತ್ರೆಯನ್ನು ನೋವು ಏರುವ ಮುಂಚೆಯೇ ತಗೊಳ್ಳುವುದು, ‘ಇದು ನಾಟಕವಲ್ಲ, ಕಾಯಿಲೆ’ ಅಂತ ಗಟ್ಟಿಯಾಗಿ ಹೇಳುವುದು: ಇವು ಒಬ್ಬಳ ಕೈಗೆ ಎಟುಕುತ್ತವೆ. ಕುಡಿಯುವ ನೀರು, ನೆರಳು, ಉಣ್ಣಲು ಅರ್ಧ ಗಂಟೆ: ಇವಕ್ಕೆ ಹತ್ತು ಕೈ ಸೇರಬೇಕು. ಒಬ್ಬಳ ಕೈಗೆ ಎಟುಕದ್ದನ್ನು ಹಣೆಬರಹ ಅನ್ನಬೇಡಿ. ಅದನ್ನು ತಡೆಹಿಡಿದ ಕೈ ಯಾವುದು ಅಂತ ಕೇಳಿ.