ವಾಸಿಯಾಯಿತು ಅಂತ ಯಾರು ಹೇಳಬೇಕು?

ಎಂಬತ್ತರ ದಶಕದಲ್ಲಿ, ಐಆರ್‌ಡಿಪಿ ಸಾಲಗಳ ಕಾಲದಲ್ಲಿ ನಾನು ಬ್ಯಾಂಕಿಗೆ ಸೇರಿದೆ. ಸಾಲಮೇಳದಲ್ಲಿ ಎಷ್ಟು ಎಮ್ಮೆ ಕೊಡಿಸಿದಿರಿ ಅಂತ ಮೇಲಿನವರು ಕೇಳುತ್ತಿದ್ದರು. ವರ್ಷವಾದ ಮೇಲೆ ಆ ಎಮ್ಮೆ ಕೊಟ್ಟಿಗೆಯಲ್ಲಿ ಇದೆಯೇ, ಮನೆಯವರು ಹಾಲು ಕುಡಿದರೇ ಅಂತ ಕೇಳುವವರು ಕಡಿಮೆ. ಹಂಚಿದ್ದರ ಲೆಕ್ಕ ಸುಲಭ, ಆದ ಒಳ್ಳೆಯದರ ಲೆಕ್ಕ ಕಷ್ಟ. ಮಕ್ಕಳ ಮನಸ್ಸಿನ ವಿಷಯಕ್ಕೂ ಈ ಮಾತು ಸಲ್ಲುತ್ತದೆ ಅಂತ ನನಗೆ ಗೊತ್ತಾದದ್ದು ಮದರಾಸಿನಲ್ಲಿ. (ಚೆನ್ನೈ ಅನ್ನಬೇಕು, ನಾಲಿಗೆ ಕೇಳುವುದಿಲ್ಲ.)

2004ರ ಜುಲೈ 16ಕ್ಕೆ ಕುಂಭಕೋಣದ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ತೀರಿಕೊಂಡರು. ಅದೇ ವರ್ಷ ಡಿಸೆಂಬರ್ 26ಕ್ಕೆ ಸುನಾಮಿ. ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಸತ್ತವರು 6,000ಕ್ಕೂ ಹೆಚ್ಚು, ಮದರಾಸಿನಲ್ಲಿ 200ರ ಆಸುಪಾಸು. ಬೆಂಗಳೂರಿನವರಿಗೆ 1981ರ ವೀನಸ್ ಸರ್ಕಸ್ ಬೆಂಕಿ ನೆನಪಿರಬಹುದು. ಅಲ್ಲಿ ಹೋದ 92 ಜನರಲ್ಲಿ ಬಹುಪಾಲು ಮಕ್ಕಳೇ. ಉಳಿದ ಬಂಧುಗಳ ದುಃಖವನ್ನು ಕುರಿತು ಅಂದು ನಿಮ್ಹಾನ್ಸ್‌ನಲ್ಲಿ ಅಧ್ಯಯನ ನಡೆದಿತ್ತು. ಸುನಾಮಿಯ ನಂತರ ಅದೇ ನಿಮ್ಹಾನ್ಸ್‌ನವರು ಇಲ್ಲಿಗೂ ಬಂದು ಊರೂರ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಆ ಸುದ್ದಿ ಓದಿದಾಗ, ಸುಳ್ಳು ಯಾಕೆ ಹೇಳಲಿ, ನಮ್ಮೂರವರು ಬಂದರು ಅಂತ ಹೆಮ್ಮೆಯಾಯಿತು.

ಆದರೆ ಬಂದವರು ಅವರಷ್ಟೇ ಅಲ್ಲ. 2005ರ ಮೊದಲ ತಿಂಗಳುಗಳಲ್ಲಿ ಪರಿಹಾರದ ಹಣಕ್ಕೆ ಖಾತೆ ತೆರೆಯಲು ನಾನು ಕಡಲ ದಂಡೆಯ ಒಂದು ಕುಪ್ಪಕ್ಕೆ ಹೋಗುತ್ತಿದ್ದೆ. ಎಲ್ಲಿಂದಲೋ ಬಂದ ತಂಡಗಳು ಮಕ್ಕಳನ್ನು ಕೂರಿಸಿ ಚಿತ್ರ ಬರೆಸುತ್ತಿದ್ದವು. ಎಂಟು ವರ್ಷದವನೊಬ್ಬ ಅಲೆಯ ಚಿತ್ರ ಬರೆದು ನನಗೂ ತೋರಿಸಿದ. ಎಷ್ಟನೆಯದಪ್ಪಾ ಅಂದೆ. ಐದನೆಯದಂತೆ. ‘ಅಲೆ ಬರೆದರೆ ಕ್ರೇಯಾನ್ ಕೊಡ್ತಾರೆ, ಮನೆ ಬರೆದರೆ ಕೊಡಲ್ಲ’ ಅಂದ. ಆ ತಂಡಗಳ ವರದಿಯಲ್ಲಿ ಇವನು ಐದು ಸಲ ಲೆಕ್ಕಕ್ಕೆ ಬಂದಿರಬೇಕು!

ಆಘಾತ ಕಂಡ ಮಗುವಿಗೆ ನಿನ್ನಲ್ಲೇನು ಕೆಟ್ಟಿದೆ ಅಂತ ಕೇಳಬೇಡಿ, ನಿನಗೇನಾಯಿತು ಅಂತ ಕೇಳಿ, ಮನೆಯವರನ್ನೂ ಜೊತೆಗೆ ಕೂರಿಸಿಕೊಳ್ಳಿ ಅನ್ನುವುದು ಈಗಿನ ಚಿಕಿತ್ಸೆಯ ತತ್ವ. ಒಳ್ಳೆಯ ತತ್ವವೇ. ಆದರೆ ಒಳ್ಳೆಯ ಮನಸ್ಸಿನಿಂದ ಮಾಡಿದ್ದೆಲ್ಲ ಒಳ್ಳೆಯದನ್ನೇ ಮಾಡುತ್ತದೆಯೇ? ದುರಂತ ನಡೆದ ಕೂಡಲೇ ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ಹೇಳಿಸಿಬಿಡುವ ಪದ್ಧತಿಯೊಂದಿತ್ತು. ಅದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ ಅಂತ 2002ರ ಕಾಕ್ರೇನ್ ಪರಿಶೀಲನೆ ಹೇಳಿತ್ತು. ಕೆಲವರಿಗೆ ಹಾನಿಯೂ ಆದೀತು ಅನ್ನುವ ಸೂಚನೆ ಇತ್ತು. ಅಳೆಯದೇ ಹೋಗಿದ್ದರೆ ಇದು ತಿಳಿಯುತ್ತಿತ್ತೇ?

ಅಳೆಯಬೇಕಾದರೆ ಹೋಲಿಸಬೇಕು, ಹೋಲಿಸಬೇಕಾದರೆ ಯಾರೋ ಒಬ್ಬರಿಗೆ ಚಿಕಿತ್ಸೆ ಇಲ್ಲದೆ ಇರಬೇಕು. ಇಲ್ಲಿಯ ಸ್ನೇಹಾ ಸಂಸ್ಥೆಯ ಸ್ವಯಂಸೇವಕರು ಸುನಾಮಿಯಲ್ಲಿ ತಮ್ಮವರನ್ನು ಕಳೆದುಕೊಂಡವರ ಬಳಿ ಕೂತು ಮಾತಿಗೆ ಕಿವಿಯಾದರು. ಆ ಆಸರೆ ಸಿಗದ ಇನ್ನೊಂದು ಜಾಗದವರೊಡನೆ ಹೋಲಿಸಿದ ಮೌಲ್ಯಮಾಪನ 2008ರಲ್ಲಿ ಪ್ರಕಟವಾಯಿತು. ಸ್ನೇಹ ಸಿಕ್ಕವರು ಹೆಚ್ಚು ಚೇತರಿಸಿಕೊಂಡಿದ್ದರು. ಇದನ್ನು ಹೇಳಿದಾಗ ನನ್ನ ಹೆಂಡತಿ, ‘ಹಾಗಾದರೆ ಆ ಇನ್ನೊಂದು ಜಾಗದವರ ಗತಿಯೇನ್ರೀ?’ ಅಂದಳು. ಕೈಗಳು ಎಲ್ಲರಿಗೂ ಸಾಲುವುದಿಲ್ಲ, ಶಿಫಾರಸಿನ ಮೇಲೆ ಆರಿಸುವುದಕ್ಕಿಂತ ಚೀಟಿ ಎತ್ತುವುದು ನ್ಯಾಯ ಅಂತ ನನ್ನ ವಾದ. ಅವಳು ಒಪ್ಪಿಲ್ಲ. ಶ್ರೀಲಂಕಾದಲ್ಲಿ ಮಾಡಿದ್ದು ಅವಳಿಗೆ ಮೆಚ್ಚಿಗೆಯಾಯಿತು. ಯುದ್ಧವನ್ನೂ ಸುನಾಮಿಯನ್ನೂ ಕಂಡ 31 ಮಕ್ಕಳನ್ನು ಚೀಟಿಯ ಮೇಲೆ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ನಡೆದದ್ದನ್ನು ಕತೆಯಾಗಿ ಹೇಳಿಸುವ ಚಿಕಿತ್ಸೆ, ಇನ್ನೊಂದಕ್ಕೆ ಧ್ಯಾನ ಮತ್ತು ವಿಶ್ರಾಂತಿ ಕೊಟ್ಟರು. ಯಾರೂ ಬರಿಗೈಯಲ್ಲಿ ಹೋಗಲಿಲ್ಲ. 2009ರಲ್ಲಿ ಬಂದ ಫಲಿತಾಂಶದಲ್ಲಿ, ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ. 81, ಎರಡನೆಯದರಲ್ಲಿ ಶೇ. 71 ಮಕ್ಕಳು ಚೇತರಿಸಿಕೊಂಡಿದ್ದರು. ಅಷ್ಟು ಕಡಿಮೆ ಮಕ್ಕಳಲ್ಲಿ ಈ ಅಂತರಕ್ಕೆ ಅರ್ಥವಿಲ್ಲ ಅಂತ ಅವರೇ ಬರೆದರು. ಪ್ರಾಮಾಣಿಕ ಆಡಿಟ್ ಅಂದರೆ ಹಾಗಿರಬೇಕು.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಆ ದಿನದ ನೆನಪು ತರುವ ಜಾಗವನ್ನು ತಪ್ಪಿಸುವುದು ಕಾಯಿಲೆಯ ಒಂದು ಲಕ್ಷಣವಂತೆ. ಕುಪ್ಪದ ಹುಡುಗ ಕಡಲಿನ ಕಡೆ ಹೋಗುತ್ತಿಲ್ಲ ಅಂದರೆ ಪ್ರಶ್ನಾವಳಿಯಲ್ಲಿ ಒಂದು ಅಂಕ. ಅಪ್ಪನಿಗೂ ಅದು ಕಾಯಿಲೆಯೇ, ನಾಳೆ ದೋಣಿ ಹತ್ತುವವರು ಯಾರು? ಅಮ್ಮನನ್ನು ಕೇಳಿದರೆ, ಸದ್ಯ ಹೋಗದಿರಲಿ, ಓದಲಿ ಅನ್ನುತ್ತಾಳೆ. ಅವಳ ಪಾಲಿಗೆ ಅದು ಬುದ್ಧಿ ಬಂದದ್ದು. ಹುಡುಗ ಮತ್ತೆ ಅಲೆಗೆ ಇಳಿದರೆ ಚಿಕಿತ್ಸೆ ಗೆದ್ದಿತೋ ಸೋತಿತೋ? ಅಂಕಪಟ್ಟಿ ಬರೆದವರು ಇದನ್ನು ಆ ಮನೆಯವರ ಜೊತೆ ಕೂತು ಮೊದಲೇ ತೀರ್ಮಾನಿಸಬೇಕು ಅನ್ನುತ್ತೇನೆ ನಾನು. ಸಾಲ ಕೊಡುವ ಮುಂಚೆ ಯಾತಕ್ಕೆ ಬೇಕು ಅಂತ ಕೇಳುವುದಿಲ್ಲವೇ?

ಮಾತಿನದೂ ಒಂದು ತೊಡಕು. ನಮ್ಮ ‘ಬೇಜಾರು’ ನೋಡಿ. ನಮಗದು ಬೇಸರವೂ ಹೌದು, ಒಳಗಿನ ನೋವೂ ಹೌದು. ಮದರಾಸಿನ ಆಡುಮಾತಿನಲ್ಲಿ ‘ಪೇಜಾರು’ ಅಂದರೆ ಕಿರಿಕಿರಿ, ತಲೆನೋವಿನ ಕೆಲಸ. ನಾನು ಬಂದ ಹೊಸತರಲ್ಲಿ ಮನಸ್ಸಿಗೆ ಬೇಜಾರು ಅಂದಾಗ ಸಹೋದ್ಯೋಗಿ, ಯಾವ ಕಸ್ಟಮರು ತೊಂದರೆ ಕೊಟ್ಟ ಅಂತ ಕೇಳಿದ. ಇಷ್ಟು ವರ್ಷವಾದರೂ ತರಕಾರಿಗೆ ತಮಿಳು ಸಾಕು, ನೋವಿಗೆ ಕನ್ನಡವೇ ಬೇಕು. ಇಂಗ್ಲಿಷಿನಿಂದ ತಮಿಳಿಗೆ ಬಂದ ಪ್ರಶ್ನಾವಳಿಗೆ ಮೀನುಗಾರರ ಮಗು ‘ಇಲ್ಲ’ ಅಂದಾಗ ಅದು ಯಾವುದಕ್ಕೆ ಇಲ್ಲ ಅಂದಿತು?

ಮನೆಯೇ ಬದಲಾದರೆ ಅದನ್ನು ಎಲ್ಲಿ ಬರೆಯುವುದು? ಸುನಾಮಿಯ ನಂತರ ನಗರದ ಕಡಲ ದಂಡೆಯ ಎಷ್ಟೋ ಕುಟುಂಬಗಳನ್ನು ದೂರದ ಸೆಮ್ಮಂಚೇರಿಗೆ ಸಾಗಿಸಿದರು. ಅಪ್ಪನಿಗೆ ಕಡಲು ದೂರ, ಅಮ್ಮನಿಗೆ ಮೀನು ಮಾರುವ ಬೀದಿ ದೂರ. ಅಲ್ಲಿ ನಿದ್ದೆ ಬಾರದ ಮಗುವಿಗೆ ಅಲೆ ಕಾರಣವೋ ಸ್ಥಳಾಂತರ ಕಾರಣವೋ ಅಂತ ಬೇರ್ಪಡಿಸುವ ಲೆಡ್ಜರು ನನಗೆ ತಿಳಿದಿಲ್ಲ. ಮಗುವಿಗೆ ಆರು ಬೈಠಕ್ಕು ಕೊಟ್ಟು ಮನೆಯ ಲೆಕ್ಕವನ್ನು ಬೇರೆ ಇಲಾಖೆಗೆ ಬಿಟ್ಟರೆ ಕುಟುಂಬದ ಚಿಕಿತ್ಸೆ ಅನ್ನುವ ಹೆಸರು ಹೆಸರಿಗಷ್ಟೇ.

ದೋಣಿಯ ಸಾಲಕ್ಕೆ ನಾವು ಐದು ವರ್ಷ ಅವಧಿ ಇಡುತ್ತಿದ್ದೆವು. ವರ್ಷಕ್ಕೊಮ್ಮೆ ಹೋಗಿ ದೋಣಿ ಕಂಡು ಬರುತ್ತಿದ್ದೆವು. ಅಂದು ಎಂಟು ವರ್ಷವಿದ್ದವರು ಈಗ ಮೂವತ್ತರ ಆಸುಪಾಸು. ಹಲವರಿಗೆ ಮಕ್ಕಳೂ ಆಗಿರಬಹುದು. ಡಿಸೆಂಬರ್ 26 ಬಂದಾಗ ಮನೆಯಲ್ಲಿ ಏನು ಮಾಡುತ್ತೀರಿ, ನಿಮ್ಮ ಮಕ್ಕಳನ್ನು ಸಂಜೆ ಮರಳಿಗೆ ಕರೆದುಕೊಂಡು ಹೋಗುತ್ತೀರಾ ಅಂತ ಅವರನ್ನು ಈಗಲೂ ಹೋಗಿ ಕೇಳಬಹುದು.